ಗೆದ್ದವರೇ ನಿಯಮ ಬದಲಿಸುವುದುಂಟೇ?

2018ರ ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕದ ಬಿಜೆಪಿಗೆ ಬಿದ್ದ ಮತ ಶೇ 36ರ ಆಸುಪಾಸು, ಸಿಕ್ಕ ಸ್ಥಾನ 104. ಐದು ವರ್ಷ ಕಳೆದು 2023ರಲ್ಲಿ ಮತ್ತೆ ಅಷ್ಟೇ ಮತ, ಶೇ 36. ಸ್ಥಾನ ಮಾತ್ರ 66. ರಾಜ್ಯದ ಒಟ್ಟು ಲೆಕ್ಕದಲ್ಲಿ ಮತ ಕದಲಲಿಲ್ಲ, 38 ಸೀಟು ಕೈಬಿಟ್ಟು ಹೋದವು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಜೆಡಿಎಸ್ ಸುಮಾರು ಐದು ಪರ್ಸೆಂಟ್ ಮತ ಕಳೆದುಕೊಂಡಿತು, ಕಾಂಗ್ರೆಸ್ ಹೆಚ್ಚುಕಡಿಮೆ ಅಷ್ಟನ್ನೇ ಗಳಿಸಿತು. ಬಿಜೆಪಿಯ ಮತ ಉತ್ತರದ ಜಿಲ್ಲೆಗಳಲ್ಲಿ ಕರಗಿ, ಗೆಲ್ಲಲು ಸಾಲದಷ್ಟು ಪ್ರಮಾಣದಲ್ಲಿ ಹಳೇ ಮೈಸೂರು ಸೀಮೆಯಲ್ಲಿ ಕೂಡಿಕೊಂಡಿತು. ಎಷ್ಟು ಜನ ಮತ ಹಾಕಿದರು ಎನ್ನುವುದಕ್ಕಿಂತ ಅವರು ಎಲ್ಲಿ ನಿಂತು ಹಾಕಿದರು, ಎದುರಾಳಿಗಳ ಮತ ಹೇಗೆ ಒಡೆಯಿತು ಎನ್ನುವುದೇ ಫಲಿತಾಂಶ ಬರೆಯಿತು.

ಕಾಂಗ್ರೆಸ್ಸಿಗೂ ಈ ಏಟು ಹೊಸದಲ್ಲ. 2004ರಲ್ಲಿ ಅದಕ್ಕೆ ಶೇ 35ರಷ್ಟು ಮತ, 65 ಸ್ಥಾನ; ಬಿಜೆಪಿಗೆ ಶೇ 28ರಷ್ಟು ಮತ, 79 ಸ್ಥಾನ. 2008ರಲ್ಲಿ ಮತದಲ್ಲಿ ಒಂದು ಪರ್ಸೆಂಟಿನಷ್ಟು ಮುಂದಿದ್ದ ಕಾಂಗ್ರೆಸ್ 80ಕ್ಕೆ ನಿಂತರೆ, ಹಿಂದಿದ್ದ ಬಿಜೆಪಿ 110 ಗೆದ್ದು ದಕ್ಷಿಣ ಭಾರತದಲ್ಲಿ ತನ್ನ ಮೊದಲ ಸರ್ಕಾರ ರಚಿಸಿತು. 2018ರಲ್ಲೂ ಇದೇ ಕಥೆ: ಶೇ 38 ಮತ ಪಡೆದ ಕಾಂಗ್ರೆಸ್ಸಿಗೆ ಎಣಿಕೆಯ ದಿನ ದಕ್ಕಿದ್ದು 78. ಹಾಗೆಂದು ಅದರ ನಾಯಕರು ಈ ಪದ್ಧತಿಯನ್ನು ಶಪಿಸುತ್ತ ಕೂರಲಿಲ್ಲ. 2013ರಲ್ಲಿ ಬಿಜೆಪಿ, ಕೆಜೆಪಿ, ಬಿಎಸ್‌ಆರ್ ಕಾಂಗ್ರೆಸ್ ಎಂದು ಎದುರಾಳಿಗಳು ಹೋಳಾಗಿ ನಿಂತಾಗ ಶೇ 37ಕ್ಕೂ ಮುಟ್ಟದ ಮತದಲ್ಲಿ 122 ಸ್ಥಾನ ಕೊಟ್ಟದ್ದು ಇದೇ ಪದ್ಧತಿ. ಸೋತಾಗ ಅನ್ಯಾಯವಾಗಿ ಕಂಡದ್ದು ಗೆದ್ದಾಗ ಜನಾದೇಶವಾಗಿ ಕಾಣುತ್ತದೆ. ಚುನಾವಣಾ ಸುಧಾರಣೆಯ ಚರ್ಚೆ ಎಪ್ಪತ್ತೈದು ವರ್ಷಗಳಿಂದ ಎದ್ದು ಕೂತು ಮತ್ತೆ ಮಲಗುತ್ತಿರುವುದರ ಗುಟ್ಟು ಬಹುತೇಕ ಇಲ್ಲೇ ಇದೆ.

ಕ್ಷೇತ್ರಕ್ಕೊಬ್ಬ ಶಾಸಕ, ಉಳಿದವರಿಗಿಂತ ಒಂದೇ ಒಂದು ಮತ ಹೆಚ್ಚು ಪಡೆದವನೇ ವಿಜೇತ. ಬ್ರಿಟಿಷರಿಂದ ಬಂದ ಈ ಕ್ರಮಕ್ಕೆ ಪರ್ಯಾಯವಾಗಿ ಕೇಳಿಬರುವುದು ಪ್ರಮಾಣಾನುಗುಣ ಪ್ರಾತಿನಿಧ್ಯ: ಮತದ ಪಾಲು ಎಷ್ಟೋ ಸ್ಥಾನದ ಪಾಲೂ ಹತ್ತಿರ ಹತ್ತಿರ ಅಷ್ಟೇ ಇರಬೇಕೆಂಬ ತತ್ವ. ಅದನ್ನು ಸಾಧಿಸುವ ದಾರಿಗಳು ಬೇರೆ ಬೇರೆ. ಪಕ್ಷ ಒಂದು ಪಟ್ಟಿ ಕೊಟ್ಟು, ಗಳಿಸಿದ ಮತಕ್ಕೆ ತಕ್ಕಂತೆ ಮೇಲಿನಿಂದ ಹೆಸರುಗಳನ್ನು ಆರಿಸಿಕೊಳ್ಳುವುದು ಒಂದು. ಒಂದು ದೊಡ್ಡ ಕ್ಷೇತ್ರದಿಂದ ಹಲವರನ್ನು ಆರಿಸಲು ಮತದಾರ 1, 2, 3 ಎಂದು ಪ್ರಾಶಸ್ತ್ಯ ಬರೆಯುವ ಏಕ ವರ್ಗಾವಣೆ ಮತ ಇನ್ನೊಂದು. ಕ್ಷೇತ್ರವನ್ನೂ ಪಟ್ಟಿಯನ್ನೂ ಬೆರೆಸುವುದು ಮೂರನೆಯದು.

ಇವೆಲ್ಲ ಪರದೇಶದ ಪುಸ್ತಕದ ಮಾತು ಎನ್ನುವವರು ವಿಧಾನಸೌಧದ ಒಳಗೇ ನೋಡಬಹುದು. ರಾಜ್ಯಸಭೆಗೆ ಶಾಸಕರು ಮತ ಹಾಕುವುದು ಸಂವಿಧಾನದ 80ನೇ ವಿಧಿ ಹೇಳುವ ಪ್ರಮಾಣಾನುಗುಣ ಪದ್ಧತಿಯಲ್ಲೇ. ನಾಲ್ಕು ಸ್ಥಾನ ಖಾಲಿಯಿದ್ದರೆ 224 ಶಾಸಕರಲ್ಲಿ ಒಬ್ಬ ಅಭ್ಯರ್ಥಿಗೆ ಸುಮಾರು 45 ಮತ ಬೇಕು. 2024ರ ಫೆಬ್ರುವರಿಯಲ್ಲಿ ಕಾಂಗ್ರೆಸ್ಸಿಗೆ ಮೂರು, ಬಿಜೆಪಿಗೆ ಒಂದು ಬಂದದ್ದು ಈ ಲೆಕ್ಕದಿಂದ. ಸರಳ ಬಹುಮತದ ಕ್ರಮವಿದ್ದಿದ್ದರೆ ನಾಲ್ಕೂ ಆಡಳಿತ ಪಕ್ಷದ ಮಡಿಲಿಗೆ ಬೀಳುತ್ತಿದ್ದವು. ರಾಷ್ಟ್ರಪತಿ ಚುನಾವಣೆಗೂ ಪ್ರಾಶಸ್ತ್ಯದ ಮತವೇ. ಪದವೀಧರ ಕ್ಷೇತ್ರದ ಮತದಾರರಂತೂ ಅಂಕಿ ಬರೆಯುವ ಮತಪತ್ರವನ್ನು ಚೆನ್ನಾಗಿ ಬಲ್ಲರು. ಅಲ್ಲಿ ಗೆಲ್ಲುವವ ಒಬ್ಬನೇ ಆದ್ದರಿಂದ ಅದನ್ನು ನಿಜವಾದ ಅರ್ಥದಲ್ಲಿ ಪ್ರಮಾಣಾನುಗುಣ ಎನ್ನುವಂತಿಲ್ಲ, ಆದರೆ ಮತಪತ್ರ ಅದೇ. ಕೊನೆಯವನನ್ನು ಕೈಬಿಟ್ಟು ಅವನ ಎರಡನೇ ಪ್ರಾಶಸ್ತ್ಯದ ಮತ ಹಂಚುತ್ತ ಎಣಿಕೆ ರಾತ್ರಿಯೆಲ್ಲ ಎಳೆದಾಗ ಏಜೆಂಟರು ತೂಕಡಿಸುವುದೂ ಅದೇ ಪದ್ಧತಿಯ ಒಂದು ಭಾಗ.

ಹಾಗಾದರೆ ಲೋಕಸಭೆ, ವಿಧಾನಸಭೆಗೆ ಏಕೆ ಬೇಡವಾಯಿತು? ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರಶ್ನೆ 1949ರ ಜನವರಿ 4ರಂದು ನೇರವಾಗಿಯೇ ಎದ್ದಿತು. ಕಾಜಿ ಸಯ್ಯದ್ ಕರೀಮುದ್ದೀನ್ ಲೋಕಸಭೆಯ ಚುನಾವಣೆಯನ್ನು ಏಕ ವರ್ಗಾವಣೆ ಮತದ ಪ್ರಮಾಣಾನುಗುಣ ಪದ್ಧತಿಯಲ್ಲಿ ನಡೆಸಬೇಕೆಂದು ತಿದ್ದುಪಡಿ ತಂದರು. ಅರ್ಥಶಾಸ್ತ್ರಜ್ಞ ಕೆ.ಟಿ. ಷಾ ಅವರದೂ ಅದೇ ಒಲವು. ಅಂಬೇಡ್ಕರ್ ಒಪ್ಪಲಿಲ್ಲ. ಅವರ ಆಕ್ಷೇಪದಲ್ಲಿ ಎರಡು ಎಳೆಗಳಿದ್ದವು. ಪ್ರಾಶಸ್ತ್ಯ ಬರೆಯಲು ಮತದಾರ ಕನಿಷ್ಠ ಅಂಕಿಗಳನ್ನಾದರೂ ಓದಬೇಕು, ದೇಶದಲ್ಲಿ ಸಾಕ್ಷರರೇ ವಿರಳ ಎಂಬುದು ಒಂದು. ಸಂಸದೀಯ ಸರ್ಕಾರ ಸದನದ ಬಹುಮತದ ಮೇಲೆ ನಿಂತಿರುವಾಗ ಶಾಸನಸಭೆ ಚೂರುಚೂರಾದರೆ ಸಣ್ಣ ಗುಂಪೊಂದು ಮುನಿದಾಗಲೆಲ್ಲ ಸರ್ಕಾರ ಬೀಳುತ್ತದೆ ಎಂಬುದು ಇನ್ನೊಂದು. ಆಗಷ್ಟೇ ಸ್ವತಂತ್ರವಾಗಿ, ವಿಭಜನೆಯ ನೆತ್ತರು ಆರದ ದೇಶಕ್ಕೆ ಗಟ್ಟಿ ಸರ್ಕಾರ ಬೇಕೆಂಬ ಮಾತಿಗೆ ಸಭೆಯಲ್ಲಿ ಎದುರಾಡುವವರು ಕಡಿಮೆ. ಪ್ರತ್ಯೇಕ ಮತಕ್ಷೇತ್ರಗಳ ಕಹಿ ನೆನಪಿನಿಂದಾಗಿ ಅಲ್ಪಸಂಖ್ಯಾತರ ಪ್ರಾತಿನಿಧ್ಯವೆಂಬ ಪದಕ್ಕೇ ಅನುಮಾನದ ನೆರಳು ತಗುಲಿತ್ತು.

ಒಂದು ವಿಪರ್ಯಾಸ ಇಲ್ಲಿ ಸಾಮಾನ್ಯವಾಗಿ ಕಣ್ತಪ್ಪುತ್ತದೆ. ಆ ಚರ್ಚೆ ನಡೆದಾಗ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನ ಕಾದಿರಿಸುವ ತೀರ್ಮಾನ ಜಾರಿಯಲ್ಲಿತ್ತು. ಮೀಸಲು ಇರುವಾಗ ಪ್ರಮಾಣಾನುಗುಣ ಪದ್ಧತಿ ಏಕೆ ಎಂದು ಕೇಳುವುದಕ್ಕೆ ಅರ್ಥವಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಆ ಮೀಸಲನ್ನು ಸಭೆ ಕೈಬಿಟ್ಟಿತು. ಪರಿಶಿಷ್ಟ ಜಾತಿ, ಪಂಗಡಗಳಿಗಷ್ಟೇ ಅದು ಉಳಿಯಿತು. ಒಂದು ಬಾಗಿಲು ಮುಚ್ಚಿದ ಮೇಲೂ, ನಾಲ್ಕು ತಿಂಗಳ ಹಿಂದೆ ಮುಚ್ಚಿದ್ದ ಇನ್ನೊಂದು ತೆರೆಯಲಿಲ್ಲ.

ಅಂಬೇಡ್ಕರ್ ಎತ್ತಿದ ಮೊದಲ ಆಕ್ಷೇಪಕ್ಕೆ ಕಾಲವೇ ಉತ್ತರ ಕೊಟ್ಟಿದೆ. ಎರಡನೆಯದು ಇಂದಿಗೂ ಜೀವಂತ. ಅದನ್ನು ಪರೀಕ್ಷಿಸಲು ಊಹೆಯ ಅಗತ್ಯವಿಲ್ಲ. ನಮ್ಮಂತೆಯೇ ಬ್ರಿಟಿಷ್ ಮಾದರಿಯನ್ನು ಹೊತ್ತು, ನಡುದಾರಿಯಲ್ಲಿ ಅದನ್ನು ಇಳಿಸಿಟ್ಟ ದೇಶವೊಂದಿದೆ.

ನ್ಯೂಜಿಲೆಂಡಿನಲ್ಲಿ 1978ರಲ್ಲಿ ಲೇಬರ್ ಪಕ್ಷಕ್ಕೆ ಹೆಚ್ಚು ಮತ ಬಿತ್ತು, ಅಧಿಕಾರ ರಾಬರ್ಟ್ ಮಲ್ಡೂನ್ ಅವರ ನ್ಯಾಷನಲ್ ಪಕ್ಷಕ್ಕೆ ಸಿಕ್ಕಿತು. 1981ರಲ್ಲಿ ಮತ್ತೆ ಹಾಗೇ ಆಯಿತು. ಆ ಸಲ ಸೋಷಿಯಲ್ ಕ್ರೆಡಿಟ್ ಎಂಬ ಮೂರನೇ ಪಕ್ಷ ದೇಶದ ಐದನೇ ಒಂದು ಭಾಗದಷ್ಟು ಮತ ಪಡೆದು ಎರಡೇ ಸ್ಥಾನಕ್ಕೆ ತೃಪ್ತಿಪಟ್ಟಿತು. 1984ರಲ್ಲಿ ನ್ಯೂಜಿಲೆಂಡ್ ಪಾರ್ಟಿಗೆ ಶೇ 12 ಮತ, ಸ್ಥಾನ ಸೊನ್ನೆ. ಆ ವರ್ಷ ಗೆದ್ದು ಬಂದ ಲೇಬರ್ ಪಕ್ಷದಲ್ಲಿ ಜೆಫ್ರಿ ಪಾಮರ್ ಎಂಬ ಕಾನೂನು ಪ್ರಾಧ್ಯಾಪಕರಿದ್ದರು. ಮೇಲ್ಮನೆಯನ್ನೇ ರದ್ದು ಮಾಡಿದ್ದ ಆ ಪುಟ್ಟ ದೇಶದಲ್ಲಿ, ಬಹುಮತ ಪಡೆದ ಸಂಪುಟಕ್ಕೆ ಮೂಗುದಾರ ಹಾಕುವವರೇ ಇಲ್ಲ ಎಂಬುದು ಅವರ ಬಹುಕಾಲದ ತಕರಾರು. ಅವರ ಒತ್ತಾಯದಿಂದ ನ್ಯಾಯಮೂರ್ತಿ ಜಾನ್ ವ್ಯಾಲೇಸ್ ಅಧ್ಯಕ್ಷತೆಯಲ್ಲಿ ರಾಯಲ್ ಆಯೋಗ ರಚನೆಯಾಯಿತು. 1986ರ ಕೊನೆಗೆ ಬಂದ ವರದಿ ಎರಡೂ ದೊಡ್ಡ ಪಕ್ಷಗಳ ಬೆವರಿಳಿಸಿತು: ಜರ್ಮನಿಯ ಮಾದರಿಯ ಮಿಶ್ರ ಪದ್ಧತಿ, ಮತದಾರನಿಗೆ ಎರಡು ಮತ, 120 ಸದಸ್ಯರ ಸಂಸತ್ತು.

ವರದಿ ಕಪಾಟು ಸೇರಬೇಕಿತ್ತು, ಸೇರುತ್ತಲೂ ಇತ್ತು. 1987ರ ಚುನಾವಣೆಯ ಟಿವಿ ಚರ್ಚೆಯಲ್ಲಿ ಪ್ರಧಾನಿ ಡೇವಿಡ್ ಲಾಂಗೆ ಈ ಬಗ್ಗೆ ಜನಮತಗಣನೆ ನಡೆಸುವುದಾಗಿ ಹೇಳಿಬಿಟ್ಟರು. ಕೈಯಲ್ಲಿದ್ದ ಟಿಪ್ಪಣಿಯನ್ನು ತಪ್ಪಾಗಿ ಓದಿದ್ದರಿಂದ ಹಾಗಾಯಿತು ಎಂಬುದು ಅಲ್ಲಿನ ರಾಜಕೀಯದಲ್ಲಿ ಪ್ರಚಲಿತವಿರುವ ಕಥೆ. ಅವರ ಸಹೋದ್ಯೋಗಿಗಳಿಗೇ ಅದು ಹೊಸ ಸುದ್ದಿ. ಗೆದ್ದ ಮೇಲೆ ಲೇಬರ್ ಆ ಮಾತು ಮರೆಯಿತು. ಎದುರಾಳಿ ಕೊಟ್ಟ ಮಾತಿಗೆ ತಪ್ಪಿದ ಪ್ರಸಂಗವನ್ನು ಬಿಟ್ಟುಕೊಡಲು ನ್ಯಾಷನಲ್ ಪಕ್ಷದ ಜಿಮ್ ಬೋಲ್ಜರ್ ಒಪ್ಪಲಿಲ್ಲ. ನಾವಾದರೆ ಜನಮತ ಕೇಳುತ್ತೇವೆ ಎಂದು 1990ರಲ್ಲಿ ಅವರೂ ಮಾತು ಕೊಟ್ಟು ಗೆದ್ದರು. ಈ ಬದಲಾವಣೆ ಇಬ್ಬರಿಗೂ ಬೇಕಿರಲಿಲ್ಲ. ಒಬ್ಬರನ್ನೊಬ್ಬರು ಹಣಿಯುವ ಭರದಲ್ಲಿ ಇಬ್ಬರೂ ಅದಕ್ಕೆ ಕಟ್ಟುಬಿದ್ದರು.

ಜನರ ಸಿಟ್ಟು ಆಗ ಬೇರೆಯದೇ ಕಾರಣಕ್ಕೆ ಕುದಿಯುತ್ತಿತ್ತು. ಲೇಬರ್ ಸರ್ಕಾರದ ಹಣಕಾಸು ಸಚಿವ ರೋಜರ್ ಡಗ್ಲಸ್, ಪ್ರಣಾಳಿಕೆಯಲ್ಲಿ ಸೂಚನೆಯನ್ನೂ ಕೊಡದೆ, ಸಬ್ಸಿಡಿಗಳನ್ನು ಕಿತ್ತು ಸರ್ಕಾರಿ ಸಂಸ್ಥೆಗಳನ್ನು ಮಾರಾಟಕ್ಕಿಟ್ಟಿದ್ದರು. ಅದರ ವಿರುದ್ಧ ಮತ ಹಾಕಿ ನ್ಯಾಷನಲ್ ಪಕ್ಷವನ್ನು ತಂದರೆ, 1991ರ ಬಜೆಟ್ಟಿನಲ್ಲಿ ರೂತ್ ರಿಚರ್ಡ್‌ಸನ್ ಕಲ್ಯಾಣ ಯೋಜನೆಗಳಿಗೇ ಕತ್ತರಿ ಹಾಕಿದರು. ಯಾರನ್ನು ಆರಿಸಿದರೂ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತೆಂದು ಮತದಾರರಿಗೆ ಅನ್ನಿಸಿದಾಗ ಜನಮತಗಣನೆ ಎದುರಿಗೆ ಬಂತು. 1992ರ ಸೆಪ್ಟೆಂಬರಿನಲ್ಲಿ ನಡೆದ ಮೊದಲ ಸುತ್ತಿನಲ್ಲಿ ಮತ ಹಾಕಿದವರಲ್ಲಿ ಶೇ 85ರಷ್ಟು ಮಂದಿ ಹಳೆಯ ಪದ್ಧತಿ ಬೇಡ ಎಂದರು. ಸೀಟು ಹಂಚಿಕೆಯ ಸೂತ್ರ ಎಷ್ಟು ಜನರಿಗೆ ಬಾಯಿಪಾಠವಿತ್ತೋ ಹೇಳಲಾಗದು. ರಾಜಕಾರಣಿಗಳಿಗೆ ಯಾವುದು ಇಷ್ಟವಿಲ್ಲವೋ ಅದು ತಮಗೆ ಒಳ್ಳೆಯದಿರಬೇಕು ಎಂಬ ತರ್ಕ ಮಾತ್ರ ಎಲ್ಲರಿಗೂ ಅರ್ಥವಾಗಿತ್ತು.

ಅಂತಿಮ ಸುತ್ತು 1993ರ ನವೆಂಬರ್ 6ರಂದು, ಸಾರ್ವತ್ರಿಕ ಚುನಾವಣೆಯ ಜೊತೆಗೇ ನಡೆಯಿತು. ವಿರೋಧಿ ಪ್ರಚಾರಕ್ಕೆ ಉದ್ಯಮಿ ಪೀಟರ್ ಶರ್ಟ್‌ಕ್ಲಿಫ್ ನೇತೃತ್ವ ವಹಿಸಿದರು, ಹಣ ಧಾರಾಳವಾಗಿ ಹರಿಯಿತು. 99 ಮಂದಿಯನ್ನೇ ಸಹಿಸಲಾಗದವರಿಗೆ 120 ರಾಜಕಾರಣಿಗಳು ಬೇಕೇ, ಪಟ್ಟಿಯಿಂದ ಬರುವವರನ್ನು ಆರಿಸಿದವರು ಯಾರು ಎಂಬ ಪ್ರಶ್ನೆಗಳು ನಾಟುವಂತೆಯೇ ಇದ್ದವು. ಹಿಂದಿನ ವರ್ಷದ ಶೇ 85ರ ಉತ್ಸಾಹ ಶೇ 54ಕ್ಕೆ ಇಳಿಯಿತಾದರೂ ಮಿಶ್ರ ಪದ್ಧತಿ ಗೆದ್ದಿತು. ಸುಧಾರಣೆಯ ಪರವಾಗಿ ಊರೂರು ಸುತ್ತಿದ ರಾಡ್ ಡೊನಾಲ್ಡ್ ಮುಂದೆ ಗ್ರೀನ್ ಪಕ್ಷದ ಸಹನಾಯಕರಾಗಿ ಅದೇ ಪದ್ಧತಿಯಡಿ ಸಂಸತ್ತು ಪ್ರವೇಶಿಸಿದರು. ಅದೇ ದಿನ ಹಳೆಯ ಪದ್ಧತಿಯ ಕೊನೆಯ ಫಲಿತಾಂಶವೂ ಬಂತು. ಶೇ 35 ಮತಕ್ಕೆ ನ್ಯಾಷನಲ್ ಪಕ್ಷ 99ರಲ್ಲಿ 50 ಸ್ಥಾನ ಪಡೆದು ಅಧಿಕಾರ ಉಳಿಸಿಕೊಂಡಿತು. ಶೇ 18 ಮತ ಪಡೆದ ಅಲಯನ್ಸ್ ಕೂಟಕ್ಕೆ ಸಿಕ್ಕಿದ್ದು ಎರಡು. ಸುಧಾರಣಾವಾದಿಗಳಿಗೆ ಇದಕ್ಕಿಂತ ಒಳ್ಳೆಯ ಭಾಷಣ ಬೇಕಿರಲಿಲ್ಲ.

ಹೊಸ ಪದ್ಧತಿಯ ಮೊದಲ ಅನುಭವ ಸಿಹಿಯಾಗಿರಲಿಲ್ಲ. 1996ರ ಅಕ್ಟೋಬರಿನಲ್ಲಿ ಮತ ಹಾಕಿದ ಜನರಿಗೆ ತಮ್ಮ ಸರ್ಕಾರ ಯಾವುದೆಂದು ತಿಳಿದದ್ದು ಡಿಸೆಂಬರಿನಲ್ಲಿ. 17 ಸ್ಥಾನ ಗೆದ್ದಿದ್ದ ನ್ಯೂಜಿಲೆಂಡ್ ಫಸ್ಟ್ ಪಕ್ಷದ ವಿನ್‌ಸ್ಟನ್ ಪೀಟರ್ಸ್ ಎರಡೂ ಕಡೆ ಏಕಕಾಲಕ್ಕೆ ಮಾತುಕತೆ ನಡೆಸಿ, ಕೊನೆಗೆ ತಾವು ಚುನಾವಣೆಯುದ್ದಕ್ಕೂ ಬೈದಿದ್ದ ನ್ಯಾಷನಲ್ ಪಕ್ಷದ ಕೈಹಿಡಿದು ಉಪಪ್ರಧಾನಿಯಾದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವಂತಿದ್ದ ಆ ಸಂಸಾರ 1998ರ ಆಗಸ್ಟಿನಲ್ಲಿ ಮುರಿದುಬಿತ್ತು. ಅಂಬೇಡ್ಕರ್ ಹೇಳಿದ ಭಯ ಅಕ್ಷರಶಃ ನಿಜವಾಯಿತು ಎನ್ನಬಹುದು, ಅಲ್ಲಿಗೇ ನಿಲ್ಲಿಸಿದರೆ. ಆದರೆ ಸರ್ಕಾರ ಬೀಳಲಿಲ್ಲ. ಅಲ್ಪಮತದಲ್ಲೇ ಅವಧಿ ದಾಟಿತು. ಆಮೇಲಿನ ಪ್ರಧಾನಿಗಳು ಸಣ್ಣ ಪಕ್ಷಗಳೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ನಡೆಸುವುದನ್ನು ಕಲಿತರು. ಹೆಲೆನ್ ಕ್ಲಾರ್ಕ್ ಒಂಬತ್ತು ವರ್ಷ ಆಳಿದ್ದು, ಜಾನ್ ಕೀ ಎಂಟು ವರ್ಷ ಆಳಿದ್ದು ಇದೇ ಪದ್ಧತಿಯಲ್ಲಿ. 1993ರಲ್ಲಿ 99 ಸದಸ್ಯರ ಪೈಕಿ 21 ಮಹಿಳೆಯರಿದ್ದರೆ 1996ರಲ್ಲಿ 120ರಲ್ಲಿ 35. ಮೂಲನಿವಾಸಿ ಮಾವೋರಿ ಸದಸ್ಯರ ಸಂಖ್ಯೆಯೂ ಏರಿತು. 2011ರಲ್ಲಿ ಮತ್ತೆ ಜನಮತ ಕೇಳಿದಾಗ ಶೇ 58ರಷ್ಟು ಮಂದಿ ಹೊಸ ಪದ್ಧತಿಯೇ ಇರಲಿ ಎಂದರು. 2020ರಲ್ಲಿ ಜಸಿಂಡಾ ಆರ್ಡರ್ನ್ ಪಕ್ಷಕ್ಕೆ ಅರ್ಧದಷ್ಟು ಮತ ಬಿದ್ದಾಗ 65 ಸ್ಥಾನಗಳ ಏಕಪಕ್ಷ ಬಹುಮತವೂ ಬಂತು.

ಕೊಂಕುಗಳು ಹೋಗಿವೆ ಎಂದಲ್ಲ. ಪಟ್ಟಿಯ ಸ್ಥಾನ ಪಡೆಯಲು ಶೇ 5 ಮತ ಬೇಕು, ಇಲ್ಲವೇ ಒಂದಾದರೂ ಕ್ಷೇತ್ರ ಗೆಲ್ಲಬೇಕು ಎಂಬುದು ಅಲ್ಲಿನ ನಿಯಮ. 2008ರಲ್ಲಿ ಶೇ 4.07 ಮತ ಪಡೆದ ಪೀಟರ್ಸ್ ಪಕ್ಷ ಸಂಸತ್ತಿನಿಂದಲೇ ಹೊರಬಿತ್ತು. ಅದಕ್ಕಿಂತ ಕಡಿಮೆ, ಶೇ 3.65 ಪಡೆದ ಆಕ್ಟ್ ಪಕ್ಷ ಆಕ್ಲೆಂಡಿನ ಎಪ್ಸಮ್ ಕ್ಷೇತ್ರವೊಂದನ್ನು ಗೆದ್ದ ಬಲದಿಂದ ಐದು ಸ್ಥಾನ ಪಡೆಯಿತು. ಇದನ್ನು ಸರಿಪಡಿಸಿ, ಮಿತಿಯನ್ನು ಇಳಿಸಿ ಎಂದು 2012ರಲ್ಲಿ ಚುನಾವಣಾ ಆಯೋಗವೇ ಹೇಳಿತು. ಆಗ ಅಧಿಕಾರದಲ್ಲಿದ್ದವರಿಗೆ ಎಪ್ಸಮ್ ಲಾಭದಾಯಕವಾಗಿತ್ತು. ಶಿಫಾರಸು ಅಲ್ಲೇ ಉಳಿಯಿತು. ನಿಯಮ ಹೊಸದಾದರೂ ಅದರ ಫಲಾನುಭವಿಗಳ ಸ್ವಭಾವ ಹಳೆಯದೇ.

ಗೆದ್ದವರು ತಾವಾಗಿಯೇ ಪದ್ಧತಿ ಬದಲಿಸಿದ ಉದಾಹರಣೆಯೇ ಇಲ್ಲವೇ ಎಂದರೆ, ಇದೆ, ಅದೂ ನೆರೆಯಲ್ಲಿ. 1970ರ ಶ್ರೀಲಂಕಾ ಚುನಾವಣೆಯಲ್ಲಿ ಯುಎನ್‌ಪಿ ಪಕ್ಷ ಸಿರಿಮಾವೊ ಬಂಡಾರನಾಯಿಕೆ ಅವರ ಪಕ್ಷಕ್ಕಿಂತ ಒಂದು ಪರ್ಸೆಂಟ್ ಹೆಚ್ಚು ಮತ ಪಡೆದಿತ್ತು. ಸ್ಥಾನ ಮಾತ್ರ 17, ಅವರಿಗೆ 91. ಏಳು ವರ್ಷದ ಮೇಲೆ ಗಾಳಿ ತಿರುಗಿತು. ಜೆ.ಆರ್. ಜಯವರ್ಧನೆ ನೇತೃತ್ವದ ಯುಎನ್‌ಪಿಗೆ ಶೇ 51ರಷ್ಟು ಮತಕ್ಕೆ 168ರಲ್ಲಿ 140 ಸ್ಥಾನ ಬಂದವು. ಶೇ 30ರಷ್ಟು ಮತ ಉಳಿಸಿಕೊಂಡಿದ್ದ ಸಿರಿಮಾವೊ ಪಕ್ಷ ಎಂಟಕ್ಕೆ ಕುಸಿಯಿತು. ಉತ್ತರದಲ್ಲಿ ಒತ್ತಾಗಿ ನೆಲೆಸಿದ್ದ ತಮಿಳರ ಪಕ್ಷ ಕಡಿಮೆ ಮತದಲ್ಲೇ 18 ಗೆದ್ದು, ಅದರ ನಾಯಕ ಅಮೃತಲಿಂಗಂ ವಿರೋಧ ಪಕ್ಷದ ನಾಯಕರಾದರು.

ಆರರಲ್ಲಿ ಐದು ಪಾಲು ಸದನ ಕೈಯಲ್ಲಿದ್ದ ಜಯವರ್ಧನೆ 1978ರ ಸಂವಿಧಾನದಲ್ಲಿ ಪ್ರಮಾಣಾನುಗುಣ ಪದ್ಧತಿ ತಂದರು. ಅದನ್ನು ಔದಾರ್ಯವೆಂದು ಓದುವುದು ಕಷ್ಟ. ತಾವು ಬರೆದ ಸಂವಿಧಾನವನ್ನು ನಾಳೆ ಬಂದವರು ಇಂಥದ್ದೇ ಅಲೆಯೊಂದರ ಮೇಲೆ ಕೂತು ಮೂರನೇ ಎರಡರ ಬಹುಮತದಿಂದ ಹರಿದು ಎಸೆಯಬಾರದಲ್ಲ! ಏಣಿ ಹತ್ತಿದವರೇ ಏಣಿ ತೆಗೆದ ಹಾಗೆ. ಹೊಸ ಪದ್ಧತಿಯ ಪರೀಕ್ಷೆಗೂ ಅವರು ಅವಸರಪಡಲಿಲ್ಲ. 1982ರಲ್ಲಿ ಜನಮತಗಣನೆ ಮಾಡಿಸಿ ಅದೇ ಸಂಸತ್ತಿನ ಆಯುಸ್ಸು ಹಿಗ್ಗಿಸಿಕೊಂಡಿದ್ದರಿಂದ, ಪ್ರಮಾಣಾನುಗುಣ ಪದ್ಧತಿಯ ಮೊದಲ ಸಂಸತ್ ಚುನಾವಣೆ ನಡೆದದ್ದು 1989ರಲ್ಲಿ. ಅಷ್ಟರಲ್ಲಿ ಮುಸ್ಲಿಂ ಕಾಂಗ್ರೆಸ್ಸಿನ ನಾಯಕ ಎಂ.ಎಚ್.ಎಂ. ಅಶ್ರಫ್ ಪಟ್ಟು ಹಿಡಿದು, ಜಿಲ್ಲೆಯಲ್ಲಿ ಶೇ 12.5 ಇದ್ದ ಕನಿಷ್ಠ ಮಿತಿಯನ್ನು ಶೇ 5ಕ್ಕೆ ಇಳಿಸುವಂತೆ ಮಾಡಿದ್ದರು.

ಅಲ್ಲಿನ ಮತದಾರ ಪಕ್ಷಕ್ಕೆ ಮತ ಹಾಕಿ, ಅದೇ ಪಕ್ಷದ ಮೂವರಿಗೆ ಆದ್ಯತೆಯನ್ನೂ ಕೊಡಬಹುದು. ಪಟ್ಟಿಯ ಮೇಲೆ ಪಕ್ಷದ ಹಿಡಿತ ಸಡಿಲವಾಗಲೆಂದು ತಂದ ಈ ಏರ್ಪಾಟು ಇನ್ನೊಂದು ರೋಗ ಅಂಟಿಸಿತು. ಅಭ್ಯರ್ಥಿಯ ನಿಜವಾದ ಪೈಪೋಟಿ ಈಗ ಎದುರು ಪಕ್ಷದೊಡನೆಗಿಂತ ಸ್ವಂತ ಪಟ್ಟಿಯ ಪಕ್ಕದ ಹೆಸರಿನೊಡನೆ. ಇಡೀ ಜಿಲ್ಲೆ ಸುತ್ತಬೇಕಾದ್ದರಿಂದ ಖರ್ಚೂ ಬೆಟ್ಟದಷ್ಟು. ಮೂರನೇ ಎರಡರ ಬಹುಮತವನ್ನು ಈ ಪದ್ಧತಿ ತಡೆಯುತ್ತದೆ ಎಂಬ ಲೆಕ್ಕವೂ ಕೊನೆಗೆ ತಪ್ಪಿತು. 2024ರ ನವೆಂಬರಿನಲ್ಲಿ ಅನುರ ಕುಮಾರ ದಿಸ್ಸನಾಯಕೆ ಅವರ ಎನ್‌ಪಿಪಿ ಶೇ 61ರಷ್ಟು ಮತ ಗಳಿಸಿ 225ರಲ್ಲಿ 159 ಸ್ಥಾನ ಬಾಚಿಕೊಂಡಿತು.

ಉಳಿದೆಡೆ ಕಥೆ ಹೆಚ್ಚಾಗಿ ಅರ್ಧಕ್ಕೇ ನಿಂತಿದೆ. ಕೆನಡಾದ ಜಸ್ಟಿನ್ ಟ್ರುಡೊ, 2015ರ ಚುನಾವಣೆಯೇ ಹಳೆಯ ಪದ್ಧತಿಯ ಕೊನೆಯದ್ದು ಎಂದು ಘೋಷಿಸಿ ಕಣಕ್ಕಿಳಿದರು. ಶೇ 40ಕ್ಕೂ ಕಡಿಮೆ ಮತದಲ್ಲಿ ಸ್ಪಷ್ಟ ಬಹುಮತ ಬಂತು. 2017ರ ಫೆಬ್ರುವರಿಯಲ್ಲಿ ಅವರ ಸರ್ಕಾರ ಒಮ್ಮತ ಮೂಡಿಲ್ಲವೆಂಬ ಕಾರಣ ಕೊಟ್ಟು ಮಾತು ಹಿಂತೆಗೆಯಿತು. ಅದೇ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಇನ್ನೂ ಸ್ವಾರಸ್ಯದ ದಾರಿ ಹಿಡಿದಿತ್ತು. ಪಕ್ಷಗಳನ್ನು ಪಕ್ಕಕ್ಕಿಟ್ಟು, ಮತದಾರರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದ 160 ಸಾಮಾನ್ಯ ನಾಗರಿಕರ ಸಭೆಗೆ ಈ ಕೆಲಸ ವಹಿಸಿತು. ಸಭೆ ಏಕ ವರ್ಗಾವಣೆ ಮತವನ್ನು ಶಿಫಾರಸು ಮಾಡಿತು. 2005ರಲ್ಲಿ ಶೇ 57.7ರಷ್ಟು ಮಂದಿ ಹೂಂ ಎಂದರು. ಸರ್ಕಾರ ಮೊದಲೇ ಇಟ್ಟಿದ್ದ ಗೆರೆ ಶೇ 60. ಮುಂದಿನ ಎರಡು ಪ್ರಯತ್ನಗಳಲ್ಲಿ ಬೆಂಬಲ ಶೇ 40ರ ಅಂಚಿಗೆ ಇಳಿಯಿತು.

ಬ್ರಿಟನ್ನಿನಲ್ಲಿ 2024ರ ಜುಲೈ ಫಲಿತಾಂಶ ಈ ವಾದಕ್ಕೆ ಹೊಸ ಕಾವು ಕೊಟ್ಟಿದೆ. ಮೂರನೇ ಒಂದು ಭಾಗದಷ್ಟು ಮತದಲ್ಲಿ ಲೇಬರ್ ಪಕ್ಷ 650ರಲ್ಲಿ 411 ಗೆದ್ದಿತು. 41 ಲಕ್ಷ ಮತ ಪಡೆದ ರಿಫಾರ್ಮ್ ಪಕ್ಷಕ್ಕೆ ಐದು ಸ್ಥಾನ, 35 ಲಕ್ಷ ಪಡೆದ ಲಿಬರಲ್ ಡೆಮಾಕ್ರಟರಿಗೆ 72. ಎರಡು ವರ್ಷ ಹಿಂದೆ ಲೇಬರ್ ಪಕ್ಷದ ಸಮ್ಮೇಳನವೇ ಪ್ರಮಾಣಾನುಗುಣ ಪದ್ಧತಿಯ ಪರ ನಿರ್ಣಯ ಮಾಡಿತ್ತು. ನಾಯಕತ್ವ ಅದನ್ನು ಪ್ರಣಾಳಿಕೆಗೆ ಸೇರಿಸಲಿಲ್ಲ. 411ರ ಮೇಲೆ ಕುಳಿತವರು ಈಗ ಸೇರಿಸುತ್ತಾರೆಂದು ನಂಬುವುದು ಹೇಗೆ?

ಭಾರತಕ್ಕೆ ಮರಳಿದರೆ, ಅಂಕಿಗಳು ಇಲ್ಲೂ ಕಡಿಮೆ ಸೋಜಿಗದವಲ್ಲ. 1984ರಲ್ಲಿ ಬಿಜೆಪಿ ಶೇ 7ಕ್ಕೂ ಹೆಚ್ಚು ಮತ ಪಡೆದು ಎರಡು ಸ್ಥಾನಕ್ಕೆ ಇಳಿದಾಗ, ಅದರ ಅರ್ಧಕ್ಕಿಂತ ತುಸು ಹೆಚ್ಚು ಮತ ಪಡೆದ ತೆಲುಗುದೇಶಂ 30 ಗೆದ್ದು ಪ್ರಮುಖ ವಿರೋಧ ಪಕ್ಷವಾಯಿತು. 2014ರಲ್ಲಿ ಬಿಎಸ್‌ಪಿ ಮತಗಳಿಕೆಯಲ್ಲಿ ದೇಶದ ಮೂರನೇ ಪಕ್ಷ. ಲೋಕಸಭೆಯಲ್ಲಿ ಅದರ ಒಬ್ಬ ಸದಸ್ಯನೂ ಇರಲಿಲ್ಲ. ಅದೇ ವರ್ಷ ಶೇ 31 ಮತ ಬಿಜೆಪಿಗೆ 282 ಸ್ಥಾನ ಕೊಟ್ಟಿತು. ಎಡಪಕ್ಷಗಳು ಭಾಗಶಃ ಪಟ್ಟಿ ಪದ್ಧತಿ ಬೇಕೆಂದು ಹಿಂದಿನಿಂದ ಹೇಳುತ್ತಲೇ ಇವೆ. ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ನೇತೃತ್ವದ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಒಂದು ನಡುದಾರಿ ತೋರಿತು: ಈಗಿರುವ ಕ್ಷೇತ್ರಗಳು ಹಾಗೇ ಇರಲಿ, ಲೋಕಸಭೆಯ ಬಲವನ್ನು ಕಾಲು ಭಾಗದಷ್ಟು ಹೆಚ್ಚಿಸಿ ಆ ಹೆಚ್ಚುವರಿ ಸ್ಥಾನಗಳನ್ನಷ್ಟೇ ಪಟ್ಟಿಯಿಂದ ತುಂಬೋಣ. 2015ರಲ್ಲಿ ನ್ಯಾಯಮೂರ್ತಿ ಎ.ಪಿ. ಷಾ ಅಧ್ಯಕ್ಷತೆಯ ಆಯೋಗ ಮಿಶ್ರ ಪದ್ಧತಿಯ ವಿಚಾರವನ್ನು ಮತ್ತೆ ಎತ್ತಿ, ಸ್ಥಾನ ಹೆಚ್ಚಿಸದೆ ಅದು ಆಗದೆಂದಿತು.

ವಿರೋಧಿಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಇಲ್ಲಿನ ಮತದಾರನಿಗೆ ಶಾಸಕನೆಂದರೆ ಶಾಸನ ಬರೆಯುವವನು ಮಾತ್ರವಲ್ಲ. ಕೊಳವೆಬಾವಿ, ವರ್ಗಾವಣೆ, ಆಸ್ಪತ್ರೆಯ ಹಾಸಿಗೆಗೆ ಬೆಳಿಗ್ಗೆ ಮನೆ ಬಾಗಿಲಲ್ಲಿ ನಿಂತು ಕೇಳಬಹುದಾದ ಮನುಷ್ಯ. ಪಟ್ಟಿಯಿಂದ ಬಂದವನ ಮನೆ ಬಾಗಿಲು ಯಾವ ಊರಿನಲ್ಲಿದೆ? ಜಾತಿಗೊಂದು ಪಕ್ಷ ಹುಟ್ಟಿ ಪ್ರತಿಯೊಂದೂ ಚೌಕಾಸಿಗೆ ಕೂರುತ್ತದೆ ಎಂಬ ಆತಂಕಕ್ಕೆ ಕನಿಷ್ಠ ಮಿತಿಯೇ ಉತ್ತರ ಎನ್ನುತ್ತಾರೆ ಬೆಂಬಲಿಗರು. ಅದೂ ನೋವಿಲ್ಲದ ಮದ್ದಲ್ಲ. 2025ರ ಜರ್ಮನಿ ಚುನಾವಣೆಯಲ್ಲಿ ಸಾರಾ ವಾಗೆನ್‌ಕ್ನೆಕ್ಟ್ ಅವರ ಹೊಸ ಪಕ್ಷ ಶೇ 4.98ಕ್ಕೆ ನಿಂತು, ಹತ್ತು ಸಾವಿರಕ್ಕೂ ಕಡಿಮೆ ಮತದಿಂದ ಶೇ 5ರ ಗೆರೆ ತಪ್ಪಿಸಿಕೊಂಡಿತು. ಅದಕ್ಕೆ ಬಿದ್ದ ಇಪ್ಪತ್ತು ಲಕ್ಷಕ್ಕೂ ಮೀರಿದ ಮತ ಲೆಕ್ಕಕ್ಕೇ ಬರಲಿಲ್ಲ. ಮಿತಿ ಶೇ 3.25ರಷ್ಟೇ ಇರುವ ಇಸ್ರೇಲಿನಲ್ಲಿ 2019ರಿಂದ 2022ರೊಳಗೆ ಐದು ಚುನಾವಣೆಗಳಾದವು.

ಆದರೆ ಚೌಕಾಸಿಯ ಭಯ ಹೇಳುವವರು 2018, 2019ರ ಬೆಂಗಳೂರನ್ನು ನೆನೆಯುವುದು ಒಳ್ಳೆಯದು. ಪ್ರಮಾಣಾನುಗುಣ ಪದ್ಧತಿಯ ಗಾಳಿಯೂ ಸೋಕದ ರಾಜ್ಯದಲ್ಲಿ 37 ಸ್ಥಾನದ ಪಕ್ಷದ ನಾಯಕ ಮುಖ್ಯಮಂತ್ರಿಯಾದರು. ಹದಿನಾಲ್ಕು ತಿಂಗಳಲ್ಲಿ ಹದಿನೇಳು ಶಾಸಕರು ಮಗ್ಗುಲು ಬದಲಿಸಿ ಸರ್ಕಾರ ಉರುಳಿತು. ಸ್ಥಿರತೆ ತರುವುದೇ ಈ ಪದ್ಧತಿಯ ದೊಡ್ಡ ಗುಣವೆಂದು ಹೇಳುತ್ತ ಬಂದವರು ಆ ರೆಸಾರ್ಟ್ ದಿನಗಳಿಗೆ ಯಾವ ಖಾತೆಯಲ್ಲಿ ಜಾಗ ಕೊಡುತ್ತಾರೋ ತಿಳಿಯದು.

ಈ ವಾದಕ್ಕೆ ಒಂದು ಗೊತ್ತಾದ ಸಂದರ್ಭವಿದೆ. ಲೋಕಸಭೆಯಲ್ಲಿ ರಾಜ್ಯಗಳ ಸ್ಥಾನ ಹಂಚಿಕೆ 1971ರ ಜನಗಣತಿಯ ಮೇಲೆ ಹೆಪ್ಪುಗಟ್ಟಿ ನಿಂತಿದೆ. 2026ರ ನಂತರದ ಮೊದಲ ಜನಗಣತಿಯವರೆಗೆ ಹೀಗೇ ಇರಬೇಕೆಂದು 84ನೇ ತಿದ್ದುಪಡಿ ಹೇಳುತ್ತದೆ. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಆಸನಗಳಿವೆ. ಕ್ಷೇತ್ರ ಮರುವಿಂಗಡಣೆಯೆಂದರೆ ದಕ್ಷಿಣದ ರಾಜ್ಯಗಳು ತಮ್ಮ ಪಾಲು ಕರಗುವುದೆಂದು ಬೆಚ್ಚುತ್ತಿವೆ. ಸ್ಥಾನ ಹೆಚ್ಚಿಸುವ ಮಾತೇ ಬರುವುದಾದರೆ ಎಲ್ಲವನ್ನೂ ಕ್ಷೇತ್ರಗಳಾಗಿಯೇ ಕೊಯ್ಯಬೇಕೆಂದೇನೂ ಇಲ್ಲ, 170ನೇ ವರದಿಯ ಪಟ್ಟಿಯೂ ಆ ಮೇಜಿನ ಮೇಲಿರಬಹುದು. ಹಾಗೆಂದು ಅದು ದಕ್ಷಿಣಕ್ಕೆ ಕವಚವಾಗುತ್ತದೆಂದು ತಿಳಿಯಬೇಕಿಲ್ಲ. ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡಿದರೆ ಹೆಚ್ಚು ಮತದಾರರಿರುವ ಉತ್ತರದಲ್ಲಿ ಬಲವಿರುವ ಪಕ್ಷಕ್ಕೇ ಸಿಂಹಪಾಲು. ಒಂದೇ ರಾಜ್ಯದಲ್ಲಿ ಬೇರೂರಿದ ಪಕ್ಷಗಳಿಗೆ ರಾಷ್ಟ್ರಮಟ್ಟದ ಮಿತಿ ದಾಟುವುದೇ ಆಗದ ಮಾತು.

ಪಟ್ಟಿಯನ್ನು ರಾಜ್ಯವಾರು ಮಾಡಿದರೆ ಚಿತ್ರ ಬೇರೆ. ಕರ್ನಾಟಕದ 28 ಸ್ಥಾನಕ್ಕೆ ಕಾಲು ಭಾಗ ಸೇರಿಸಿದರೆ ಏಳು. ಏಳು ಸ್ಥಾನದ ಪಟ್ಟಿಯಲ್ಲಿ ಒಂದನ್ನು ಖಚಿತವಾಗಿ ಪಡೆಯಲು ಎಂಟನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ಶೇ 12.5 ದಾಟಿದ ಮತ ಬೇಕು. 2023ರಲ್ಲಿ ಜೆಡಿಎಸ್ ಪಡೆದದ್ದು ಶೇ 13ರಷ್ಟು. ಕ್ಷೇತ್ರಗಳಲ್ಲಿ ಎಲ್ಲಿ ಸೋತರೂ ಅದಕ್ಕೊಂದು ಸ್ಥಾನ ಗ್ಯಾರಂಟಿ. ಆ ಏಳು ಹೆಸರುಗಳನ್ನು ಬರೆಯುವವರು ಯಾರು ಎಂಬುದಕ್ಕೆ ಮಾತ್ರ ಈಗಿನ ಕಾನೂನಿನಲ್ಲಿ ಉತ್ತರವಿಲ್ಲ. ಪಕ್ಷದೊಳಗೆ ಅಭ್ಯರ್ಥಿಗಳ ಆಯ್ಕೆ ಹೇಗೆ ನಡೆಯಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆ ಕೇಳುವುದಿಲ್ಲ. ಒಂದೊಂದು ಟಿಕೆಟ್ಟಿಗೂ ದೆಹಲಿಗೆ ವಿಮಾನ ಹತ್ತುವ ಪಕ್ಷಗಳಲ್ಲಿ, ಗೆಲುವು ಖಾತರಿಯಿರುವ ಮೊದಲ ಎರಡು ಕ್ರಮಾಂಕಗಳಿಗೆ ಎಷ್ಟು ಮಂದಿ ವಿಮಾನ ಹತ್ತಬಹುದೆಂಬುದನ್ನು ಕರ್ನಾಟಕದ ಓದುಗರಿಗೆ ವಿವರಿಸಬೇಕಿಲ್ಲ. ನೇಪಾಳದ 2015ರ ಸಂವಿಧಾನ ಈ ಸಮಸ್ಯೆಗೆ ಕೈಹಾಕಿದೆ: 275 ಸ್ಥಾನಗಳಲ್ಲಿ 110 ಪಟ್ಟಿಯವು, ಆ ಪಟ್ಟಿಯಲ್ಲಿ ಮಹಿಳೆಯರು, ದಲಿತರು, ಜನಜಾತಿಗಳು, ಮಧೇಸಿಗಳು ಇರಲೇಬೇಕು, ಪ್ರತಿ ಪಕ್ಷದ ಸಂಸದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಮ್ಮಲ್ಲಿ 2023ರಲ್ಲಿ ಅಂಗೀಕಾರವಾದ ಮಹಿಳಾ ಮೀಸಲಾತಿಯೂ ಜಾರಿಗೆ ಬರಲು ಕಾದಿರುವುದು ಇದೇ ಜನಗಣತಿ, ಇದೇ ಮರುವಿಂಗಡಣೆಗಾಗಿ.